ಕುಸಿತದ ಫೋಟೋ ಸಾಲದು

ಗುಡ್ಡ ಕುಸಿಯುವ ಮುನ್ನ ಸೈರನ್ ಕೂಗತಕ್ಕದ್ದು ಎಂಬುದು ನಿಯಮ. ಅದರಂತೆ ಬಾಳೆಗುಳಿ ಕ್ರಾಸಿನಿಂದ ಒಳಗಿರುವ ಗುಡ್ಡದೆದುರು ಕ್ಯಾಮರಾ ನೆಟ್ಟರು. ಗುಡ್ಡದ ಬುಡದಲ್ಲೇ ಗೋದಾವರಿಯ ಮನೆ. ಸೈರನ್ ಕೂಗಿದರೆ ಅವಳು ಉಳಿಯುತ್ತಾಳೆ, ಕೂಗದಿದ್ದರೆ ಇಲ್ಲ. ಯೋಜನೆಯ ಉದ್ದೇಶವೂ ಅಷ್ಟೇ.

ಕ್ಯಾಮರಾದ ಹಿಂದಿನ ಯಂತ್ರಕ್ಕೆ ಕಾರವಾರದ ಕಚೇರಿಯಲ್ಲಿ ಸಾವಿರ ಫೋಟೋ ತೋರಿಸಿ ಪಾಠ ಹೇಳಿದ್ದರು. ಒಂಬೈನೂರ ತೊಂಬತ್ತೇಳರಲ್ಲಿ ಗುಡ್ಡ ನಿಂತಿತ್ತು, ಮೂರರಲ್ಲಿ ಜಾರತೊಡಗಿತ್ತು. ಜಾಣ ಯಂತ್ರ, ಸಾವಿರಕ್ಕೂ 'ನಿಂತಿದೆ' ಎಂದುಬಿಟ್ಟಿತು. ಸಾವಿರಕ್ಕೆ ಮೂರೇ ತಪ್ಪೆಂದು ಯೋಜನಾಧಿಕಾರಿ ಪುಂಡಲೀಕ ಸಾಹೇಬರಿಗೆ ಶಾಲು ಹೊದಿಸಿದರು.

ಗೋದಾವರಿ ಬಸ್ಸು ಹತ್ತಿ ಕಚೇರಿಗೆ ಹೋದಳು.

"ಗುಡ್ಡ ಬಿದ್ದ ಮೂರು ದಿನವೂ ನಿಂತಿದೆ ಅಂತ್ಲೇ ಹೇಳಿದ್ದಾ ಸಾಹೇಬ್ರೆ?"

"ಮೂರೇ ಅಲ್ವಾ ಅಕ್ಕ. ಉಳಿದದ್ದು ನೋಡಿ."

"ಉಳಿದ ದಿನ ನಂಗೂ ಕಾಣ್ತದೆ. ಅದ್ಕೆ ಯಂತ್ರ ಎಂತಕ್ಕೆ?"

ಪ್ರಶ್ನೆ ಕಡತ ಸೇರಿತು. ಎರಡು ತಿಂಗಳಿಗೆ ಉತ್ತರ ಬಂತು: ದೋಷ ಯಂತ್ರದ್ದಲ್ಲ, ಗುಡ್ಡದ್ದು, ಅದು ಸಾಕಷ್ಟು ಸಲ ಕುಸಿದಿಲ್ಲ. ಕೊರತೆ ತುಂಬಲು ಜೆಸಿಬಿ ಬಂತು. ದಿನಾ ಹತ್ತು ಕಡೆ ಮಣ್ಣು ಕೆಡವಿ ಫೋಟೋ ತೆಗೆದರು. ಬಿದ್ದ ಫೋಟೋಗಳು ನಿಂತ ಫೋಟೋಗಳಿಗೆ ಸಮನಾದ ದಿನ ಪೇಡೆ ಹಂಚಿದರು. ಅಷ್ಟರಲ್ಲಿ ಅರ್ಧ ಗುಡ್ಡ ಹೋಗಿತ್ತು, ಉಳಿದರ್ಧ ಗೋದಾವರಿಯ ಅಡುಗೆಮನೆಯತ್ತ ವಾಲಿತ್ತು.

ಯಂತ್ರ ಈಗ ಚುರುಕಾಯಿತು. ಹೊಸ ಫೋಟೋಗಳಲ್ಲೆಲ್ಲ ಜೆಸಿಬಿ ಇದ್ದುದರಿಂದ, ಕುಸಿತವೆಂದರೆ ಜೆಸಿಬಿ ಎಂದೇ ಕಲಿತಿತ್ತು. ರಸ್ತೆಯಲ್ಲೊಂದು ಜೆಸಿಬಿ ಹಾದರೂ ಸೈರನ್. ಊರವರು ಶಾಲೆಗೆ ಓಡಿ, ಚಾ ಕುಡಿದು, ಮರಳುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ ಗುಡ್ಡ ಯಾರ ನೆರವೂ ಇಲ್ಲದೆ ತಾನೇ ಕುಸಿಯಿತು. ಸೈರನ್ ಸುಮ್ಮನಿತ್ತು. ಪಾತ್ರೆ ತೊಳೆಯಲು ಬಾವಿಕಟ್ಟೆಗೆ ಹೋಗಿದ್ದರಿಂದ ಗೋದಾವರಿ ಉಳಿದಳು. ಮನೆ ಉಳಿಯಲಿಲ್ಲ.

ಪುಂಡಲೀಕ ಸಾಹೇಬರು ಬಂದು ಮೊದಲು ಯಂತ್ರದ ಪರದೆ ನೋಡಿದರು. 'ನಿಂತಿದೆ' ಎಂದಿತ್ತು. ಯಂತ್ರ ಒಪ್ಪದ ಕುಸಿತಕ್ಕೆ ಪರಿಹಾರ ಕೊಡಲು ಬರುವುದಿಲ್ಲವೆಂದು ಅವರು ಮೆತ್ತಗೆ ತಿಳಿಸಿದರು. ಜೆಸಿಬಿಗೆ ಅರ್ಜಿ ಕೊಟ್ಟರೆ ಅದು ಬಂದು ನಿಲ್ಲುತ್ತದೆ, ಆಗ ಯಂತ್ರವೂ ಒಪ್ಪುತ್ತದೆ, ಕುಸಿತ ಆ ದಿನದಿಂದ ಜಾರಿಗೆ ಬರುತ್ತದೆ. ನೆರೆದವರಿಗೆಲ್ಲ ಮಾತು ಸರಿ ಕಂಡಿತು.

ಗೋದಾವರಿ ಮಣ್ಣಿನ ಗುಪ್ಪೆಯ ಮೇಲೆ ಕುಳಿತು ಅರ್ಜಿ ತುಂಬಿದಳು. 'ಗುಡ್ಡ ಕುಸಿದಿದೆಯೇ?' ಎಂಬಲ್ಲಿ ಪೆನ್ನು ತಡೆದು ಸಾಹೇಬರ ಮುಖ ನೋಡಿದಳು.

"ಇನ್ನೂ ಇಲ್ಲ ಅಂತ ಬರೀರಿ."

ಹಾಗೇ ಬರೆದಳು. ಪಕ್ಕದ ಮನೆಯ ಕಾಮಿ ತಲೆಗೂದಲ ಮಣ್ಣು ಕೊಡವಿಕೊಂಡು, ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು.