ಕುತ್ತಿಗೆಗೆ ಹದಿನೈದು ನಿಮಿಷ

ನಿಂತದ್ದನ್ನೆಲ್ಲ ನಡೆಸುವವನು ನಾನು, ನನ್ನ ಕುತ್ತಿಗೆಗೆ ಇನ್ನೊಬ್ಬರ ಕೈ ಏಕೆ? ಹೀಗೆಂದು ನಮ್ಮ ವಾಚ್ ರಿಪೇರಿಯವರು ಆರು ವರ್ಷ ಜಂಬ ಕೊಚ್ಚಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಾಗಿ ಬಾಗಿ ಆ ಕುತ್ತಿಗೆ ಮರದ ಗೂಟವಾಗಿತ್ತು. ಯಾರಾದರೂ ಪಕ್ಕದಿಂದ ಕರೆದರೆ ಕುರ್ಚಿ ಸಮೇತ ತಿರುಗಬೇಕಿತ್ತು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಹೆಂಡತಿ ಕರೆದರೆ ಅಷ್ಟು ಕಷ್ಟವನ್ನೂ ಪಡುತ್ತಿರಲಿಲ್ಲ. "ಹೂಂ" ಅಂದುಬಿಟ್ಟರೆ ಮುಗಿಯಿತು!

ಕೊನೆಗೊಂದು ದಿನ ನೋವು ತೋಳಿಗೂ ಇಳಿದು, ಚಿಮಟ ಜಾರಿ, ಗಡಿಯಾರದ ಸ್ಪ್ರಿಂಗ್ ಎದುರು ನಿಂತಿದ್ದ ಗಿರಾಕಿಯ ಕನ್ನಡಕಕ್ಕೇ ಚಿಮ್ಮಿತು. ಅಂದೇ ಹೆಂಡತಿ ಅವರನ್ನು ಫಿಸಿಯೋಥೆರಪಿ ಮಾಡುವಾಕೆಯ ಬಳಿಗೆ ಎಳೆದೊಯ್ದಳು.

ಫಿಸಿಯೋ ಒತ್ತಿದಳು, ನೀವಿದಳು, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಳು. ದಿನಾ ಸಂಜೆ ಮನೆಯಲ್ಲೂ ಹದಿನೈದು ನಿಮಿಷ ಒತ್ತಬೇಕೆಂದು ಹೆಂಡತಿಗೆ ಕಲಿಸಿ ಕಳಿಸಿದಳು. ಕಸುಬಿನ ಬುದ್ಧಿ ಬಿಡುವುದುಂಟೇ? ನಮ್ಮವರು ಅಂಗಡಿಯ ಸ್ಟಾಪ್‌ವಾಚ್ ತಂದು ತೊಡೆಯ ಮೇಲಿಟ್ಟುಕೊಂಡೇ ಕುತ್ತಿಗೆ ಕೊಟ್ಟರು. ಹೆಂಡತಿ ಕೈ ಕೊಡವಿಕೊಂಡರೆ ಸಾಕು, "ಇನ್ನೂ ನಲವತ್ತು ಸೆಕೆಂಡ್ ಇದೆ" ಎನ್ನುವರು.

ಒಂದೂವರೆ ತಿಂಗಳಲ್ಲಿ ಕುತ್ತಿಗೆ ಸಲೀಸಾಗಿ ತಿರುಗಿತು. ಇನ್ನೇನು, ಆಕಾಶಕ್ಕೆ ಮೂರೇ ಗೇಣು! ಬಂದ ಗಿರಾಕಿಗಳಿಗೆಲ್ಲ ಗೂಬೆಯ ಹಾಗೆ ತಿರುಗಿಸಿ ತೋರಿಸಿದ್ದೇ ತೋರಿಸಿದ್ದು.

ಕೊನೆಯ ಭೇಟಿಯಲ್ಲಿ, ಹೇಗೆ ಒತ್ತಬೇಕೆಂದು ಇನ್ನೊಮ್ಮೆ ತೋರಿಸಲು ಫಿಸಿಯೋ ಹೆಂಡತಿಯ ಕುತ್ತಿಗೆಯ ಮೇಲೆಯೇ ಬೆರಳಿಟ್ಟಳು. ಇಟ್ಟವಳು ತೆಗೆಯಲಿಲ್ಲ. ಇದು ಅವರದ್ದಕ್ಕಿಂತ ಬಿಗಿದಿದೆಯಲ್ಲಮ್ಮ, ಎಷ್ಟು ಕಾಲದ್ದು ಎಂದು ಕೇಳಿದಳು. "ಅವಳಿಗೇನೂ ಇಲ್ಲ" ಎಂದು ನಮ್ಮವರೇ ಉತ್ತರಿಸಿದರು. ಇನ್ನು ಮೇಲೆ ಇವರಿಗೆ ನೀವು ಒತ್ತಿ, ಅದೇ ಹದಿನೈದು ನಿಮಿಷ ಎಂದಳು ಫಿಸಿಯೋ.

ಅದೇನು ಮಹಾ, ಸಾಸಿವೆಯಷ್ಟು ಸ್ಕ್ರೂ ತಿರುಗಿಸಿದ ಕೈ ಇದು ಎಂದು ಅಂದು ಸಂಜೆ ತೋಳೇರಿಸಿ ನಿಂತರು. ಒತ್ತಿದರು. ಹೆಬ್ಬೆರಳು ಉರಿಯಿತು, ಮಣಿಕಟ್ಟು ಸೆಳೆಯಿತು, ಬೆವರಿಳಿಯಿತು. ಬೆರಳ ಕೆಳಗಿನ ಗಂಟು ಮಾತ್ರ ಕಲ್ಲಿನ ಹಾಗೆ ಕೂತೇ ಇತ್ತು. ಇಷ್ಟು ನೋವಿಟ್ಟುಕೊಂಡು ಒಂದೂವರೆ ತಿಂಗಳು ತನಗೆ ಒತ್ತಿದಳಲ್ಲ ಎಂದು ಆಗ ಹೊಳೆಯಿತು. ಅದನ್ನು ಒಪ್ಪಿಕೊಳ್ಳಲಾಗದೆ ಹೆಂಡತಿಯ ಮೇಲೇ ಸಿಡುಕಿದರು.

"ಇಷ್ಟು ನೋವಿದ್ರೆ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ. ಆಗ ನಿಮ್ಮ ಕುತ್ತಿಗೆ ತಿರುಗ್ತಿರಲಿಲ್ಲ." ಹೆಂಡತಿ ತನ್ನ ತೊಡೆಯ ಮೇಲಿದ್ದ ಸ್ಟಾಪ್‌ವಾಚ್ ನೋಡಿದಳು. "ಎರಡು ನಿಮಿಷ ಆಯ್ತು. ಒತ್ತಿ."