ಕತ್ತಾಳೆ ಕಂಪನಿಯ ಪ್ರಶಸ್ತಿ

ಸುಳ್ಳು ಹೇಳದೆ ಮೋಸ ಮಾಡುವ ಉದ್ಯೋಗವೊಂದಿದೆ. ಅದಕ್ಕೆ ಅನುವಾದ ಎಂದು ಹೆಸರು. ನಾನು ಹೊಸಪೇಟೆಯಲ್ಲಿ ಕೂತು, ಊರಿಗೆ ಬರುವ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆ, ಬ್ಯಾನರು, ಭಾಷಣಗಳನ್ನು ಕನ್ನಡ ಮಾಡುತ್ತೇನೆ. ಕನ್ನಡ ನಿಮ್ಮ ಕೈಯಲ್ಲಿ ಬೆಣ್ಣೆಯಾಗುತ್ತದೆ ಎಂದು ಯಾರೋ ಹೊಗಳಿದ್ದರು. ಯಾರೆಂದು ನೆನಪಾಗುತ್ತಿಲ್ಲ. ಬಹುಶಃ ನಾನೇ.

ಈ ವರ್ಷ ದೊಡ್ಡದೊಂದು ಸಂಗೀತ ಪ್ರಶಸ್ತಿ ಸಮಾರಂಭ ನಮ್ಮ ಕಡೆಗೆ ಬಂತು. ಹಂಪಿಯ ಬಂಡೆಗಳು ಫೋಟೋದಲ್ಲಿ ಚೆನ್ನಾಗಿ ಬರುತ್ತವಂತೆ. ಪ್ರಾಯೋಜಕರು ಟೆಕಿಲಾ ಎಂಬ ಮದ್ಯ ಮಾಡುವವರು. ಜನಪದ ವಿಭಾಗಕ್ಕೆ ಪಾಪಿನಾಯಕನಹಳ್ಳಿಯ ದುರುಗಮ್ಮನನ್ನು ಆರಿಸಿ, ಒಪ್ಪಿಸುವ ಕೆಲಸವನ್ನು ನನಗೆ ಹಚ್ಚಿದರು. ದುರುಗಮ್ಮ ಸಾವಿನ ಮನೆಗಳಲ್ಲಿ ತತ್ವಪದ ಹಾಡುವಾಕೆ. ಸಂಡೂರಿನ ಗಣಿಯಲ್ಲಿ ದುಡಿಯುತ್ತಿದ್ದ ಗಂಡ ಕುಡಿದು ಕುಡಿದೇ ಸತ್ತ. ಮಣ್ಣು ಮಾಡುವ ದಿನ ಹೆಣ ಹೊತ್ತವರೂ ಕುಡಿದಿದ್ದರು; ಗುಂಡಿ ಸೇರುವ ಮೊದಲೇ ಹೆಣ ಎರಡು ಸಲ ನೆಲ ಕಂಡಿತು. ಅಂದಿನಿಂದ ಹೆಂಡದ ವಾಸನೆಯಿರುವ ಅಂಗಳದಲ್ಲಿ ಆಕೆ ಬಾಯಿ ತೆರೆಯುವುದಿಲ್ಲ. ತಾಳ ಎತ್ತಿಕೊಂಡು ಎದ್ದುಬಿಡುತ್ತಾಳೆ, ಸತ್ತವನು ಸ್ವಂತ ಅಣ್ಣನಾದರೂ ಸರಿ. ಆ ಹೆದರಿಕೆಗೇ ಊರಿನವರು ಸಾವಿನ ಮನೆಗೆ ಬಾಟಲಿ ತರಿಸುವುದನ್ನು ಬಿಟ್ಟಿದ್ದರು.

ಯಾವ ಕಂಪನಿ ಎಂದು ಆಕೆ ಕೇಳಿದಳು. ಟೆಕಿಲಾವನ್ನು ಕತ್ತಾಳೆ ಜಾತಿಯ ಗಿಡದಿಂದ ಇಳಿಸುತ್ತಾರೆಂದು ನಾನು ಹಿಂದಿನ ದಿನವಷ್ಟೇ ಓದಿದ್ದೆ.

"ಕತ್ತಾಳಿ ಕಂಪನಿಯವ್ರುಬೇ" ಎಂದೆ.

ಆಕೆಯ ಮುಖ ಅರಳಿತು. ನಮ್ಮಲ್ಲಿ ಹೊಲದ ಬೇಲಿಗೆಲ್ಲ ಕತ್ತಾಳೆಯೇ. ಆಕೆಯ ಅಪ್ಪ ಅದರ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದನಂತೆ. ಹಗ್ಗದವರು ಹಾಡಿನವರನ್ನು ಕರೆದದ್ದು ಭಾಳ ಚಲೋ ಆತು ಎಂದಳು. ನಾನು ತಿದ್ದಲಿಲ್ಲ. ನನ್ನ ಹೆಂಡತಿಯ ಪ್ರಕಾರ ಹಗ್ಗದ ಮಾತು ಮೊದಲು ತೆಗೆದವನು ನಾನೇ; ಅವತ್ತು ಮನೆಗೆ ಬಂದು ನಗುತ್ತಾ ಹಾಗೆ ಹೇಳಿದ್ದೆನಂತೆ. ನನಗೆ ಎರಡೂ ನೆನಪಿವೆ. ಬರೆಯಲು ಅನುಕೂಲವಾದದ್ದನ್ನು ಬರೆದಿದ್ದೇನೆ.

ಸಮಾರಂಭದಲ್ಲಿ ಬ್ಯಾನರಿನ ಮೇಲಿದ್ದ ಗಿಡವನ್ನು ಗುರುತು ಹಿಡಿದು, ಅದನ್ನು ಮುಟ್ಟಿ ನಕ್ಕಳು. ಗಿಡದ ಪಕ್ಕ ಆಳೆತ್ತರದ ಬಾಟಲಿಯ ಚಿತ್ರ. ಅದೇನೆಂದು ಕೇಳಿದಾಗ ಗಿಡದ ರಸ ಎಂದೆ. ಅದೂ ನಿಜವೇ. ಆ ಬಾಟಲಿಯ ಪಕ್ಕದಲ್ಲೇ ಆಕೆಯನ್ನು ನಿಲ್ಲಿಸಿ ಫೋಟೋ ತೆಗೆದರು.

ವಾರದ ನಂತರ ಆ ಫೋಟೋಗೆ ಕಟ್ಟು ಹಾಕಿಸಿಕೊಂಡು ದುರುಗಮ್ಮನ ಮನೆಗೆ ಹೋದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಬಾಟಲಿಯ ಮೇಲಿನ ಅಕ್ಷರ ಓದಿದಳು, ನನ್ನ ಮುಖ ನೋಡಿದಳು, ಅತ್ತೆಯ ಕಿವಿಯಲ್ಲಿ ಹೇಳಿದಳು. ಬೈಸಿಕೊಳ್ಳಲು ತಯಾರಾಗಿ ಕೂತೆ. ದುರುಗಮ್ಮ ಬಹಳ ಹೊತ್ತು ಫೋಟೋ ನೋಡಿದಳು.

"ನೀ ಸುಳ್ಳೇನೂ ಹೇಳಿಲ್ಲ ಬಿಡಪ. ಬೈಬೇಕಂದ್ರ ಏನೂ ಸಿಗವಲ್ದು" ಎಂದಳು. ಆಮೇಲೆ ಸೊಸೆಗೆ ನನಗೊಂದು ಚಾ ಇಡಲು ಹೇಳಿದಳು. ಕುಡಿದೆ. ಸಕ್ಕರೆ ಸರಿಯಾಗಿತ್ತು.

ಮೊನ್ನೆ ಆ ಊರಲ್ಲೊಂದು ಸಾವಾಯಿತು. ಅಂಗಳದಲ್ಲಿ ಬಾಟಲಿ ಕಂಡು ದುರುಗಮ್ಮ ತಾಳ ಎತ್ತಿಕೊಂಡು ಎದ್ದಳಂತೆ. ಸತ್ತವನ ತಮ್ಮ ಫೋನು ತೆಗೆದು, ಕಂಪನಿಯವರು ಎಲ್ಲೆಡೆ ಹರಿಬಿಟ್ಟಿದ್ದ ಅದೇ ಫೋಟೋ ತೋರಿಸಿದನಂತೆ.

"ಕುಂದ್ರಬೇ ದುರುಗವ್ವ. ನಿಂದು ಆಳೆತ್ತರದ ಬಾಟ್ಲಿ, ನಮ್ದು ಸಣ್ಣದೈತಿ."

ಆಕೆ ಕೂತಳು, ಹಾಡಿಯೂ ಹಾಡಿದಳು ಎಂದು ಸೊಸೆ ಫೋನಿನಲ್ಲಿ ಹೇಳಿ, ನಾನು ಏನಾದರೂ ಅನ್ನುವ ಮೊದಲೇ ಇಟ್ಟುಬಿಟ್ಟಳು.

ಕಂಪನಿಯವರಿಗೆ ನನ್ನ ಕೆಲಸ ಹಿಡಿಸಿದೆ. ಈಗ ಜಾಹೀರಾತಿನ ಕೆಳಗೆ ಹಾಕುವ ಎಚ್ಚರಿಕೆಯ ಸಾಲನ್ನು ಕನ್ನಡ ಮಾಡಲು ಕಳಿಸಿದ್ದಾರೆ. 'ಜವಾಬ್ದಾರಿಯಿಂದ ಕುಡಿಯಿರಿ' ಎಂದು ಬರೆದಿಟ್ಟು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. 'ಕುಡಿಯಿರಿ' ಸರಿಯಾಗಿದೆ. 'ಜವಾಬ್ದಾರಿ' ಮಾತ್ರ ಸ್ವಲ್ಪ ಭಾರವಾಯಿತು. ಅದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ.