ಅಣ್ಣನಿಗೆ ಪನೀರ್, ತಂಗಿಗೆ ಸೌತೆಕಾಯಿ

ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್. ಲಿವರ್ ಕಸಿಗೆ ಕಾಯುತ್ತಿರುವವರು ಏನು ತಿನ್ನಬೇಕು ಅಂತ ಹೇಳೋದು ನನ್ನ ಕೆಲಸ. ನನ್ನ ರೂಮಿಗೆ ಬರುವವರೆಲ್ಲ ಏನು ತಿನ್ನಬಾರದು ಅಂತ ಕೇಳಿಸಿಕೊಳ್ಳೋಕೆ ತಯಾರಾಗಿಯೇ ಬರ್ತಾರೆ. "ಚೆನ್ನಾಗಿ ತಿನ್ನಿ" ಅಂದ ಕೂಡಲೇ ಏನಾದರೊಂದು ಪ್ರಸಂಗ ಶುರುವಾಗುತ್ತೆ. ಆದರೆ ಒಬ್ಬರೇ ಪೇಷಂಟ್‌ನಿಂದ ನಾನು ಇಷ್ಟೊಂದು ನಕ್ಕಿದ್ದು ಅದೊಂದೇ ಸಲ.

ಪಥ್ಯ

ಆ ಪೇಷಂಟ್ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್. ಗದಗಿನ ಕಡೆಯವರು, ವಯಸ್ಸು ಐವತ್ತರ ಹತ್ತಿರ. ಮೊದಲ ದಿನ ಬಂದಾಗ ಹೊಟ್ಟೆ ತುಂಬ ನೀರು, ತೋಳು ಮಾತ್ರ ಕಡ್ಡಿ. ಕಾಮಾಲೆಗೆ ಪಥ್ಯ ಅಂತ ಯಾರೋ ಹೇಳಿದ್ದಕ್ಕೆ ಎರಡು ತಿಂಗಳಿಂದ ಬರೀ ಗಂಜಿ ಕುಡಿದಿದ್ದರು. ಈ ಮೈ ಆಪರೇಷನ್ ತಡೆಯಲ್ಲ, ಮೊದಲು ಶಕ್ತಿ ಬರಲಿ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ನಾನು ಪಟ್ಟಿ ಬರೆದೆ. ಎರಡೂವರೆ ಗಂಟೆಗೊಮ್ಮೆ ಏನಾದರೂ ತಿನ್ನಬೇಕು. ಬೇಳೆ, ಪನೀರ್, ಮೊಸರು, ಮೊಳಕೆ ಕಾಳು, ಮಲಗುವ ಮುಂಚೆಯೂ ಒಂದಿಷ್ಟು. ಉಪ್ಪು ಮಾತ್ರ ತೀರಾ ಕಡಿಮೆ.

ಅವರು ಪಟ್ಟಿಯನ್ನು ಎರಡು ಸಲ ಓದಿದರು. "ಮೇಡಂ, ಶೇಂಗಾ ಚಟ್ನಿ ನಡೀತೈತೇನ್ರಿ?"

"ನಡೆಯುತ್ತೆ. ಉಪ್ಪು ಹಾಕದೆ ಮಾಡಿಸ್ಕೊಳ್ಳಿ."

"ಉಪ್ಪಿಲ್ಲದ್ದಕ್ಕ ನಮ್ಮ ಕಡೆ ಚಟ್ನಿ ಅನ್ನೂದಿಲ್ರಿ. ಅದನ್ನ ಎಮ್ಮಿ ಮುಂದ ಇಡ್ತಾರ."

ಮೀಟರ್

ಕೈ ಹಿಡಿತದ ಬಲ ಅಳೆಯೋಕೆ ನಮ್ಮಲ್ಲಿ ಒಂದು ಮೀಟರ್ ಇದೆ. ಅದರ ಹಿಡಿಯನ್ನು ಬಿಗಿಯಾಗಿ ಹಿಚುಕಿದರೆ ಮುಳ್ಳು ಮೇಲೇರುತ್ತೆ. ಮುಂದಿನ ಸಲ ಬಂದಾಗ ಅದನ್ನು ಅವರ ಕೈಗೆ ಕೊಟ್ಟೆ. ಹಲ್ಲು ಕಚ್ಚಿ ಹಿಚುಕಿದರು. ಮುಳ್ಳು ಅಲುಗಿದ ಹಾಗೆ ಮಾಡಿ ಸುಮ್ಮನಾಯಿತು.

ಅದು ಇಪ್ಪತ್ತೈದು ವರ್ಷ ಲೇತ್ ಮೇಲೆ ದುಡಿದ ಕೈ. ಮುಖ ಸಣ್ಣದಾಯಿತು. "ಇದು ಕ್ಯಾಲಿಬ್ರೇಷನ್ ಆಗಿ ಎಷ್ಟ್ ದಿನಾ ಆತ್ರಿ?" ಅಂತ ಕೇಳಿದರು.

"ಹೋದ ತಿಂಗಳಷ್ಟೇ ಆಗಿದೆ."

ನಂಬಲಿಲ್ಲ. ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಅಕ್ಕನನ್ನು ಕರೆದು ಮೀಟರ್ ಕೊಟ್ಟರು. ಆಕೆ ಮಾಪ್ ಗೋಡೆಗೆ ಒರಗಿಸಿ ಒಂದೇ ಸಲ ಹಿಚುಕಿದಳು. ಮುಳ್ಳು ಸರ್ರನೆ ಇವರದ್ದರ ಎರಡರಷ್ಟು ಮೇಲೆ ಹೋಯಿತು.

"ಸಾಕಾ ಸಾರ್, ಇನ್ನೂ ಒತ್ಲಾ?"

ಅವರು ಮೀಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಮೀಟರ್ ಓಕೆ ಐತ್ರಿ ಮೇಡಂ" ಅಂದು, ತಮ್ಮ ತೋಳು ಮುಟ್ಟಿಕೊಂಡರು. "ಈ ಮಷಿನ್ ರಿಪೇರಿಗೆ ಬಂದೈತಿ."

ಅಲಾರಂ

ಆವತ್ತಿಂದ ಒಂದು ಹೊತ್ತೂ ತಪ್ಪಿಸಬಾರದು ಅಂತ ಫೋನಿನಲ್ಲಿ ಅಲಾರಂ ಇಟ್ಟುಕೊಂಡರು. ಕೂತು ಮಾಡುವ ಕೆಲಸಕ್ಕೆ ಶಾಪಿಗೂ ಹೋಗುತ್ತಿದ್ದರು. ಒಂದು ದಿನ ಶಾಪಿನ ಓನರ್ ನನಗೇ ಫೋನ್ ಮಾಡಿದರು.

"ಮೇಡಂ, ಇವರ ಅಲಾರಂ ಹೊಡೆದ ತಕ್ಷಣ ಕೆಲಸದವರೆಲ್ಲಾ ಮಷಿನ್ ಆಫ್ ಮಾಡಿ ಡಬ್ಬಿ ತೆಗೀತಾರೆ. ಕೇಳಿದ್ರೆ, ಸಾರ್ ಒಬ್ರೇ ತಿಂದ್ರೆ ಅವರಿಗೆ ಬೇಜಾರಾಗುತ್ತೆ ಅಂತಾರೆ."

"ಅಲಾರಂ ತೆಗೆಸ್ಲಾ ಸಾರ್?"

"ಬೇಡ ಬಿಡಿ. ನಂಗೂ ಆ ಹೊತ್ತಿಗೆ ಹಸಿವಾಗೋಕೆ ಶುರುವಾಗಿದೆ."

ಖಾನಾವಳಿ

ತಮ್ಮ ಲಿವರಿನಲ್ಲಿ ಒಂದು ಪಾಲು ಕೊಡೋಕೆ ಮುಂದೆ ಬಂದವರು ಅವರ ತಂಗಿ. ಚಿಕ್ಕಬಾಣಾವರದಲ್ಲಿ ರೊಟ್ಟಿ ಊಟದ ಖಾನಾವಳಿ ನಡೆಸುವ ಗಟ್ಟಿಗಿತ್ತಿ. ರಕ್ತದ ಗುಂಪು ಹೊಂದಿತು. ಆದರೆ ಸ್ಕ್ಯಾನ್ ಮಾಡಿದರೆ ಅವರ ಲಿವರ್ ತುಂಬ ಕೊಬ್ಬು. ಒಂಬತ್ತು ಕೆಜಿ ಇಳಿದರೆ ಮಾತ್ರ ಕೊಡಬಹುದು ಅಂದರು ಡಾಕ್ಟರು. ಅಣ್ಣನಿಗೆ ಕಾಯೋಕೆ ಹೆಚ್ಚು ತಿಂಗಳು ಇರಲಿಲ್ಲ.

ಒಂದೇ ಮೇಜಿನ ಮೇಲೆ ಎರಡು ಪಟ್ಟಿ ಬರೆದೆ. ಅಣ್ಣನದು ಎರಡು ಪುಟ, ತಂಗಿಯದು ಅರ್ಧ, ಅದರಲ್ಲೂ ಹೆಚ್ಚಿಗೆ ಸೌತೆಕಾಯಿಯೇ. ಆಕೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಸಣ್ಣಕಿದ್ದಾಗಿಂದ ಹಿಂಗ ರೀ ಮೇಡಂ. ಅವಂಗ ಕೆನಿ, ನಂಗ ಮಜ್ಜಿಗಿ" ಅಂದರು.

ದಿನವಿಡೀ ಊಟದ ನಡುವೆ ನಿಂತು ಬಾಯಿ ಕಟ್ಟೋದು ಸುಲಭವೇ? ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲದೆ, ದಿನಾ ಊಟಕ್ಕೆ ಬರುವ ಗಾರೆ ಕೆಲಸದವರಿಗೆ ವಿಷಯ ಹೇಳಿ, ನನ್ನ ಮೇಲೆ ಒಂದು ಕಣ್ಣಿಡ್ರಪಾ ಅಂದಿದ್ದರಂತೆ.

ಒಂದು ಮಧ್ಯಾಹ್ನ ನೋಡೋಣ ಅಂತ ನಾನೇ ಹೋದೆ. ಆಕೆ ನನಗೆ ಬಡಿಸುತ್ತಾ, ಮಾತಿನ ಭರದಲ್ಲಿ ಶೇಂಗಾ ಹೋಳಿಗೆಯ ಒಂದು ಚೂರು ಮುರಿದು ಬಾಯಿಯ ಹತ್ತಿರ ತಂದರು. ಇಡೀ ಖಾನಾವಳಿಯಲ್ಲಿ ರೊಟ್ಟಿ ಮುರಿಯುವ ಸದ್ದು ನಿಂತಿತು. ಮೂಲೆಯಲ್ಲಿದ್ದ ಹಿರಿಯ ಮೇಸ್ತ್ರಿಯೊಬ್ಬರು ತಲೆ ಎತ್ತದೆ ಹೇಳಿದರು:

"ಅಕ್ಕಾರ, ಆ ಲಿವರ್ ನಿಮ್ದೊಬ್ಬರ್ದೇ ಅಲ್ರಿ. ಅಣ್ಣಾರ ಪಾಲಿನ್ಯಾಗ ಯಾಕ ಎಣ್ಣಿ ಸುರೀತೀರಿ?"

ಹೋಳಿಗೆ ತಟ್ಟೆಗೆ ವಾಪಸ್ಸು ಹೋಯಿತು.

ಹಸಿವು

ಮೂರು ತಿಂಗಳಲ್ಲಿ ತಂಗಿ ಹತ್ತು ಕೆಜಿ ಇಳಿದರು. ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ಇದು ಅದೇ ಲಿವರಾ ಅಂತ ಕೇಳಿದರು. ಅಣ್ಣ ಯಾರ ಕೈಯನ್ನೂ ಹಿಡಿಯದೆ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಅಡ್ಮಿಟ್ ಆದರು.

ಆಪರೇಷನ್ ದಿನ, ಊರಿಗೆಲ್ಲ ಊಟದ ಪಟ್ಟಿ ಬರೆದುಕೊಡುವ ನಾನು ನನ್ನ ಡಬ್ಬಿಯನ್ನೇ ತೆರೆಯಲಿಲ್ಲ. ಸಂಜೆ ಸರ್ಜನ್ ಹೊರಗೆ ಬಂದು, ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಇಡ್ಲಿ ತಿಂದೆ.

ಹತ್ತನೇ ದಿನ ವಾರ್ಡಿಗೆ ಹೋದರೆ, ಅಣ್ಣ ಪೊಂಗಲ್ ಬಟ್ಟಲನ್ನು ಬೆರಳಲ್ಲಿ ಬಳಿದು ಇನ್ನೊಂದು ಬಟ್ಟಲು ಕೇಳುತ್ತಿದ್ದರು. ಅಷ್ಟು ತಿಂಗಳು ಔಷಧಿ ನುಂಗಿದ ಹಾಗೆ ಊಟ ನುಂಗಿದ ಮನುಷ್ಯ. ಪಕ್ಕದ ಕುರ್ಚಿಯಲ್ಲಿ ತಂಗಿ ಕೂತಿದ್ದರು.

"ಹಸಿವು ಹೇಗಿದೆ?" ಅಂತ ಕೇಳಿದೆ.

"ಹುಟ್ಟಿದಾಗಿಂದ ಇಂಥಾ ಹಸಿವು ಆಗಿಲ್ರಿ. ಇದು ನನ್ನ ಹಸಿವು ಅಲ್ಲ ಮೇಡಂ, ಅಕಿದು. ಲಿವರ್ ಸಂಗಾಟ ತನ್ನ ಬಾಯಿ ಚಪಲಾನೂ ಕಳಿಸ್ಯಾಳ."

ತಂಗಿ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಗು ತಡೆದರು. ಆಮೇಲೆ, ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿಯ ದನಿಯಲ್ಲಿ ನನಗೆ ಹೇಳಿದರು:

"ಇನ್ನೊಂದು ಬಟ್ಲ ಕೊಡ್ರಿ ಮೇಡಂ. ಆ ಲಿವರ್ ನಮ್ಮನ್ಯಾಗ ಮೂರು ತಿಂಗಳ ಬರೇ ಸೌತಿಕಾಯಿ ತಿಂದೈತಿ, ಪಾಪ. ಹೋದ ಮನ್ಯಾಗರ ಹೊಟ್ಟಿ ತುಂಬ ಉಣ್ಣಲಿ."